ಬ್ರೇಕಿನ ಗಾಳಿ ತೆಗೆದದ್ದು

ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ:
ಎಡಬಾಗಿಲ ಹಿಂಜು. ವೈಪರ್ ಮೋಟಾರು.
ಹಿಂದಿನ ಸೀಟಿನ ಸ್ಪ್ರಿಂಗು (ಇಲಿ ಮರಿ ಹಾಕಿತ್ತು ಅಲ್ಲಿ).
ಟ್ಯಾಂಕು ಸೋರುವಲ್ಲಿ ಸದ್ಯಕ್ಕೆ ಸೋಪು ಮೆತ್ತಿದೆ, ನೋಡಬೇಕು.
ಬ್ರೇಕು.
ಭಾನುವಾರಕ್ಕೆ ಒಂದು ಸಾಲು, ಅಷ್ಟೇ ಲೆಕ್ಕ.
ಒಂದು ಒರೆಸುವಷ್ಟರಲ್ಲಿ ಎರಡು ಹುಟ್ಟುತ್ತವೆ,
ಹಾಗೇನಿಲ್ಲ ಅನ್ನುವವರು
ಹಳೇ ಕಾರು ಬಿಚ್ಚಿಲ್ಲ.

ಮೇಟಗಳ್ಳಿಯ ಬಾಡಿಗೆ ಮನೆ, ಹಿತ್ತಿಲ ತಗಡಿನ ಶೆಡ್ಡು.
ಮರದ ದಿಮ್ಮಿಗಳ ಮೇಲೆ ಎಂಬತ್ತೆರಡರ ಪದ್ಮಿನಿ,
ಹಲ್ಲಿನ ಡಾಕ್ಟರ ಮುಂದೆ ಕೂತವಳ ಹಾಗೆ
ಬಾಯಿ ತೆರೆದುಕೊಂಡು.
ಬಾನೆಟ್ಟಿನ ಒಳಗೆ ಬರೀ ಬಯಲು.
ಎಂಜಿನ್ನು ಬೋರಿಂಗಿಗೆ ಹೋಗಿ ಮೂರು ತಿಂಗಳು,
'ನಾಳೆ ಬನ್ನಿ ಮೇಡಂ' ಎಂಬ ಊರಲ್ಲಿ ಇದೆ.

ಇದನ್ನು ಕೊಳ್ಳಲು ಒಂದು ಜೊತೆ ಬಳೆ ಮಾರಿದೆ.
ಧಾರೆಯ ದಿನ ಅತ್ತೆ ತೊಡಿಸಿದ್ದು.
ಗೊತ್ತಾದದ್ದು ಗೌರಿ ಹಬ್ಬಕ್ಕೆ, ಬೀರು ತೆಗೆದಾಗ.
ಅಂದಿನಿಂದ ನಿಂಗಾಜಮ್ಮನವರು ನನ್ನೊಡನೆ
ಬೆಕ್ಕಿನ ಮೂಲಕ ಮಾತಾಡುತ್ತಾರೆ:
'ಬೆಕ್ಕೇ, ಉಪ್ಸಾರಿಗೆ ಉಪ್ಪೇ ಇಲ್ಲ ಅಂತ ಯೋಳು.'

ಹನ್ನೊಂದು ದಿನ ಆಯಿತು.
ಗಂಡನಿಗೆ ಟೈರು ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟು.
ಬ್ರೇಕಿನ ಗಾಳಿ ತೆಗೆಯಲು ಇಬ್ಬರು ಬೇಕು,
ಒಬ್ಬರ ಕಾಲು, ಇನ್ನೊಬ್ಬರ ಕೈ.
ನಾನೂ ಬೆಕ್ಕಿಗೇ ಹೇಳಿದೆ:
'ಯಾರಾದರೂ ಪೆಡಲ್ ಒತ್ತಿದ್ದರೆ ಆಗುತ್ತಿತ್ತು.'

ಬಂದರು.
ಚಪ್ಪಲಿ ಹೊರಗೇ ಬಿಟ್ಟು, ಸೆರಗು ಸಿಕ್ಕಿಸಿ,
ಗದ್ದೆಯ ಬದು ದಾಟುವಂತೆ ಕಾಲೆತ್ತಿ
ಡ್ರೈವರ್ ಸೀಟಿನಲ್ಲಿ ಕೂತರು.

ದೂರದ ಚಕ್ರದಿಂದ ಶುರು, ಹತ್ತಿರದ್ದು ಕೊನೆಗೆ.
ಮಂಡಿ ಮೊಹಲ್ಲಾದ ಇನಾಯತ್ ಸಾಬರು
ರಬ್ಬರ್ ಕಿಟ್ಟಿನ ಜೊತೆ ಪುಕ್ಕಟೆ ಕೊಟ್ಟ ಮಾತು.
ಗೋಣಿ ಹಾಸಿ ಹಿಂದಿನ ಎಡಚಕ್ರದ ಬುಡದಲ್ಲಿ ಮಲಗಿದೆ.
ನಿಪ್ಪಲ್ಲಿಗೆ ಪೈಪು, ಪೈಪಿನ ತುದಿ ಹಾರ್ಲಿಕ್ಸ್ ಬಾಟಲಿಯಲ್ಲಿ.

'ಒತ್ತಿ.'
'ಒತ್ತಿವ್ನಿ.'
'ಹಿಡ್ಕೊಳ್ಳಿ.'
'ಇಡ್ಕಂಡಿವ್ನಿ.'
ಎಂಟರ ಸ್ಪ್ಯಾನರಿಗೆ ಕಾಲು ಸುತ್ತು,
ಬಾಟಲಿಯಲ್ಲಿ ಗುಳುಗುಳು ಗುಳ್ಳೆ,
ಮತ್ತೆ ಬಿಗಿ.
'ಬಿಡಿ.'
'ಬುಟ್ಟೆ.'

ಒಂದು ಸಲ ನಾನು ಬಿಗಿಯುವ ಮೊದಲೇ ಬಿಟ್ಟರು.
ಹೋದ ಗಾಳಿಯೆಲ್ಲ ವಾಪಸು ಒಳಗೆ.
ನಾನೇನೂ ಅನ್ನಲಿಲ್ಲ.
'ನಂದೇ ತೆಪ್ಪು ಕಣೆ' ಅಂದರು.
ಬೆಕ್ಕು ಶೆಡ್ಡಿನಲ್ಲಿ ಇರಲಿಲ್ಲ.

ಮೂರನೆಯ ಚಕ್ರದ ಹೊತ್ತಿಗೆ
ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದರಂತೆ.
ಹಾರನ್ನೂ ಒತ್ತಿ ನೋಡಿದರಂತೆ.
ಬ್ಯಾಟರಿ ಎಲ್ಲಿದೆ?

'ಇಡ್ಕಂಡಿವ್ನಿ' ಅಂದವರು ಹಿಡಿದುಕೊಂಡೇ ಹೇಳಿದರು:
'ಆ ಬಳೆ ನಮ್ಮತ್ತೇದು.
ನನ್ ಕೈಗೂ ಯಾವತ್ತೂ ಸರಿಯಾಗಿ ಕೂರ್ನಿಲ್ಲ.'
ಕಾರಿನ ಅಡಿಯಿಂದ ಮುಖ ಕಾಣುವುದಿಲ್ಲ.
ಸೈಲೆನ್ಸರಿನ ತುಕ್ಕು ಕಂಡಿತು,
ಒಂದು ಜೇಡ ಕಂಡಿತು.
ಸ್ಪ್ಯಾನರ್ ತಿರುಗಿಸುವುದು ಮರೆತು ಮಲಗಿದ್ದೆ.
'ಬುಡ್ಲಾ? ಕಾಲು ನೋಯ್ತದೆ.'
'ಅಯ್ಯೋ, ಇರಿ ಇರಿ.'

ನಾಲ್ಕೂ ಆಯಿತು. ಪೆಡಲು ಗಟ್ಟಿ.
'ಕಲ್ಲಂಗದೆ. ಓಡ್ತದಾ ಈಗ?'
'ಇಲ್ಲ ಅತ್ತೆ. ಎಂಜಿನ್ನೇ ಇಲ್ಲ.'
ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ,
'ಮತ್ತೆ ಬೆಳಿಗ್ಗೆಯಿಂದ ನಾವು ನಿಲ್ಸಿದ್ದು ಏನನ್ನ?'
ಅಂತ ನಗತೊಡಗಿದರು.
ದಿಮ್ಮಿಗಳ ಮೇಲೆ ಪದ್ಮಿನಿ ಸಣ್ಣಗೆ ಅಲುಗಿತು.

ಕೈಗೆ ಸೀಮೆಎಣ್ಣೆ, ಆಮೇಲೆ ಸಬೀನ.
ಬಾಗಿಲಿಗೆ ಬಿದ್ದ ಆಯಿಲ್ ಒಂದು ಹನಿ
ಆಗಲೇ ಬಣ್ಣ ತಿಂದಿದೆ,
ಪಟ್ಟಿಗೆ ಇನ್ನೊಂದು ಸಾಲು.
ಬರೆದು ತಿರುಗಿದರೆ
ಇನ್ನೂ ಕೂತೇ ಇದ್ದಾರೆ, ಕಾಲು ಪೆಡಲಿನ ಮೇಲೆ.
'ಬಿಡಿ ಅತ್ತೆ, ಮುಗೀತು.'
'ಇರ್ಲಿ ಬುಡು,' ಅಂದರು,
ಬಿಡಲಿಲ್ಲ.